ಕಾಡೊಳಗಿನ ಓಟವನ್ನು ಹೊರಗೆ ಕೂತು ನೋಡುವುದು ಹೇಗೆ: ಊ-ರಿಂಗೆನ್ ಎಲೀಟ್ ಸ್ಪರ್ಧೆಗೆ ಒಂದು ಕೈಪಿಡಿ

ಮೊದಲ ಸಲ ಊ-ರಿಂಗೆನ್‌ಗೆ, ಅಂದರೆ ಸ್ವೀಡನ್‌ನಲ್ಲಿ ನಕ್ಷೆ ಹಿಡಿದು ಕಾಡಲ್ಲಿ ಓಡುವ ಓರಿಯಂಟೀರಿಂಗ್ ಸ್ಪರ್ಧೆಗೆ, ಹೋದಾಗ ಎರಡು ಗಂಟೆ ಹುಲ್ಲಿನ ಮೇಲೆ ಸುಮ್ನೆ ಕೂತಿದ್ದೆ. ಎದುರಿಗೆ ಪೈನ್ ಮರಗಳ ಕಾಡು. ಆಗೊಮ್ಮೆ ಈಗೊಮ್ಮೆ ಅದರೊಳಗಿಂದ ಒಬ್ಬರು ಓಡಿ ಬರುತ್ತಿದ್ದರು. ಮೊಣಕಾಲ ತನಕ ಕೆಸರು, ಬೆನ್ನಿಗೆ ಅಂಟಿದ ಅಂಗಿ, ಮುಷ್ಟಿಯಲ್ಲಿ ಮಡಚಿ ಹಿಡಿದ ನಕ್ಷೆ. ಸುತ್ತಲಿನ ಜನ ಒಮ್ಮೆ ಜೋರಾಗಿ ಕಿರುಚುತ್ತಿದ್ದರು, ಇನ್ನೊಮ್ಮೆ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಯಾಕೆ ಅಂತ ನನಗೆ ಒಂದೂ ತಿಳಿಯಲಿಲ್ಲ. ಮೊದಲು ಬಂದವಳು ಗೆದ್ದಳು ಅಂದುಕೊಂಡು ಚಪ್ಪಾಳೆ ತಟ್ಟಿದೆ. ಅವಳು ಆ ದಿನ ಮೂವತ್ತನೆಯವಳೋ ಏನೋ.

ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡಿದ್ದ ಒಬ್ಬ ಹಿರಿಯರಿಗೆ ನನ್ನ ಪಾಡು ಗೊತ್ತಾಯಿತು ಅನಿಸುತ್ತದೆ. ಅದೇ ಕಾಡಿನ ನಕ್ಷೆಯೊಂದನ್ನು ತೆಗೆದು ನನ್ನ ತೊಡೆ ಮೇಲೆ ಹರಡಿದರು. ಒಂದು ಜಾಗಕ್ಕೆ ಬೆರಳಿಟ್ಟು, "ಈಗ ಮುಂದಿರುವವಳು ಇಲ್ಲಿದ್ದಾಳೆ. ಇಲ್ಲಿಂದ ಎಡಕ್ಕೆ ಹೋಗುತ್ತಾಳೋ ಬಲಕ್ಕೋ, ನೀವೇ ಹೇಳಿ" ಎಂದರು. ಆಮೇಲಿನ ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಈ ಆಟವನ್ನು ನೋಡುವ ದಾರಿ ಅದೇ. ಓಡುವವರ ಕಾಲು ಕಾಣುವುದು ಕೊನೆಯ ಇನ್ನೂರು ಮೀಟರ್‌ನಲ್ಲಿ ಮಾತ್ರ. ಅವರು ಆಯ್ದುಕೊಂಡ ದಾರಿ ಮತ್ತು ಮಾಡಿದ ತಪ್ಪನ್ನು ಮಾತ್ರ ಶುರುವಿನಿಂದ ಕೊನೆವರೆಗೂ ನೋಡಬಹುದು. ಹೇಗೆ ಅಂತ ಒಂದೊಂದಾಗಿ ಬರೆಯುತ್ತೇನೆ. ಸ್ವೀಡನ್‌ನಲ್ಲೋ ಅಕ್ಕಪಕ್ಕದ ದೇಶದಲ್ಲೋ ಕೆಲಸಕ್ಕಿರುವ ನಮ್ಮವರು ಜುಲೈನಲ್ಲಿ ಖುದ್ದಾಗಿ ಹೋಗಬಹುದು. ಊರಲ್ಲಿರುವವರು ಮೊಬೈಲ್ ಹಿಡಿದು ನೋಡಬಹುದು. ಅವರಿಗೂ ಕೊನೆಯಲ್ಲಿ ಒಂದೆರಡು ಮಾತಿದೆ.

ಮೊದಲು, ಇದು ಯಾವ ಜಾತ್ರೆ

ಓರಿಯಂಟೀರಿಂಗ್ ಅಂದರೆ ಗೊತ್ತಿಲ್ಲದ ಕಾಡಿನಲ್ಲಿ ನಕ್ಷೆ, ಕಂಪಾಸ್ ಹಿಡಿದು, ಗುರುತು ಮಾಡಿದ ಜಾಗಗಳನ್ನು ಒಂದಾದ ಮೇಲೊಂದು ಹುಡುಕುತ್ತಾ ಓಡುವುದು. ಆ ಜಾಗಕ್ಕೆ ಕಂಟ್ರೋಲ್ ಅನ್ನುತ್ತಾರೆ. ಅಲ್ಲಿ ಕಿತ್ತಳೆ-ಬಿಳಿ ಬಣ್ಣದ ಬಟ್ಟೆ ತೂಗುತ್ತಿರುತ್ತದೆ. ಮೂರು ಮುಖ, ಒಂದೊಂದೂ 30 ಸೆಂ.ಮೀ. ಅಗಲ. ಒಂದು ಕಂಟ್ರೋಲ್‌ನಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಅದು ಓಡುವವರ ಇಷ್ಟ. ಕಂಟ್ರೋಲ್‌ಗಳ ಕ್ರಮ ಮಾತ್ರ ತಪ್ಪುವ ಹಾಗಿಲ್ಲ.

ಊ-ರಿಂಗೆನ್ ಶುರುವಾದದ್ದು 1965ರಲ್ಲಿ, ಸ್ವೀಡನ್‌ನ ದಕ್ಷಿಣ ತುದಿಯ ಸ್ಕೋನೆ ಪ್ರಾಂತ್ಯದಲ್ಲಿ. ಪೇ-ಓ ಬೆಂಗ್ಟ್‌ಸನ್ ಮತ್ತು ಸಿವಾರ್ ನಿಲ್ಸನ್ ಎಂಬ ಇಬ್ಬರು ಇದನ್ನು ಹುಟ್ಟುಹಾಕಿದರು. ಹೆಸರಿನ ಮೊದಲಿಗೆ ಬರೆಯುವುದು ಇಂಗ್ಲಿಷ್‌ನ ಓ ಅಕ್ಷರ, ಸ್ವೀಡನ್ನಿನವರು ಅನ್ನುವುದು ಊ. ಐದು ದಿನ ಓಟ, ಸಾಮಾನ್ಯವಾಗಿ ನಡುವೆ ಒಂದು ದಿನ ರಜೆ. ಪ್ರತಿ ವರ್ಷ ಊರು ಬದಲಾಗುತ್ತದೆ: 2022ರಲ್ಲಿ ಉಪ್ಸಲಾ, 2023ರಲ್ಲಿ ಓರೆ, 2025ರಲ್ಲಿ ಯೊನ್‌ಶೋಪಿಂಗ್. 1985ರಲ್ಲಿ ಫಾಲುನ್‌ನಲ್ಲಿ ನಡೆದಾಗ ಸುಮಾರು 25 ಸಾವಿರ ಜನ ಸೇರಿದ್ದರು. ಕಾರವಾನ್, ಟೆಂಟುಗಳದ್ದೇ ಒಂದು ಊರು ಏಳುತ್ತದೆ. ಅಂಗಡಿ, ಊಟದ ಸಾಲು, ಬಯಲಲ್ಲೇ ಸ್ನಾನದ ಶವರ್ ಎಲ್ಲ ಇರುತ್ತದೆ. ಊರೂರು ತಿರುಗುವ ಜಾತ್ರೆ ಅಂದುಕೊಳ್ಳಿ.

ಮಕ್ಕಳಿಂದ ಹಿಡಿದು ಎಂಬತ್ತು ದಾಟಿದವರ ತನಕ ಎಲ್ಲರಿಗೂ ಒಂದೊಂದು ವರ್ಗ ಇದೆ. ಪಟ್ಟಿಯಲ್ಲಿ ನೀವು ಹುಡುಕಬೇಕಾದದ್ದು ಎರಡು: ಡಿ21 ಎಲೀಟ್ ಮತ್ತು ಎಚ್21 ಎಲೀಟ್. ಸ್ವೀಡಿಷ್‌ನಲ್ಲಿ ಡಿ ಅಂದರೆ ಹೆಂಗಸರು, ಎಚ್ ಅಂದರೆ ಗಂಡಸರು, 21 ವಯಸ್ಸಿನ ವರ್ಗದ ಗುರುತು. ವಿಶ್ವ ಚಾಂಪಿಯನ್‌ಗಳು ಓಡುವುದು ಇವೆರಡರಲ್ಲಿ. ಸ್ವೀಡನ್ನಿನ ಟೂವೆ ಅಲೆಕ್ಸಾಂಡರ್ಸನ್ ಹೆಸರು ಕಂಡರೆ ಅವರ ಓಟದ ಸಮಯ ಬರೆದಿಟ್ಟುಕೊಳ್ಳಿ. ಚಳಿಗಾಲದಲ್ಲಿ ಸ್ಕೀ ಹಾಕಿಕೊಂಡು ಆಡುವ ಓರಿಯಂಟೀರಿಂಗ್‌ನಲ್ಲೂ ಅವರು ವಿಶ್ವ ಚಾಂಪಿಯನ್.

ಹೆಜ್ಜೆ 1: ನೋಡುವ ಮೊದಲು ಒಂದು ದಿನ ನೀವೇ ಓಡಿ

ಇದನ್ನು ಬಿಡಬೇಡಿ ಅಂತ ನನ್ನ ಒತ್ತಾಯ. ಹೆಸರು ಮೊದಲೇ ಕೊಡದಿದ್ದರೂ ಅಲ್ಲೇ ದುಡ್ಡು ಕಟ್ಟಿ ಓಡುವ ಮುಕ್ತ ವರ್ಗಗಳು ಇರುತ್ತವೆ. ದುಡ್ಡು ಅಂದರೆ ಕಾರ್ಡ್. ಸ್ವೀಡನ್‌ನಲ್ಲಿ ನೋಟು ತೆಗೆದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಕಷ್ಟದ ಮಟ್ಟಕ್ಕೆ ಬಣ್ಣದ ಹೆಸರುಗಳಿವೆ. ಹಸಿರು, ಬಿಳಿ, ಹಳದಿ ಸುಲಭ. ನೀಲಿ, ಕಪ್ಪು ಕಷ್ಟ. ಮೊದಲ ಸಲ ಹಳದಿ ಸಾಕು. ನಾನು ಜಂಬದಲ್ಲಿ ಅದಕ್ಕಿಂತ ಮೇಲಿನದನ್ನು ತಗೊಂಡು ಕೆಟ್ಟೆ.

ಮಲೆನಾಡಲ್ಲಿ ಬೆಳೆದವನು, ಕಾಡು ನನಗೆ ಹೊಸದೇನಲ್ಲ ಅಂತ ಹೋದೆ. ನಾಲ್ಕನೇ ಕಂಟ್ರೋಲ್ ಒಂದು ಸಣ್ಣ ಜೌಗಿನ ಉತ್ತರದ ತುದಿಯಲ್ಲಿತ್ತು. ಜೌಗು ಸಿಕ್ಕಿತು. ತುದಿ ಸಿಕ್ಕಿತು. ಬಟ್ಟೆ ಇಲ್ಲ. ಅದೇ ಜೌಗನ್ನು ಮೂರು ಸುತ್ತು ಹಾಕಿದೆ. ಇಪ್ಪತ್ತು ನಿಮಿಷ ಆದ ಮೇಲೆ ಬಿಳಿ ಕೂದಲಿನ ಒಬ್ಬ ಅಜ್ಜಿ ಕುಕ್ಕುಲು ಓಟದಲ್ಲಿ ಬಂದರು. ನನ್ನನ್ನು ನೋಡಿ ನಕ್ಕು ಹಾಗೇ ಮುಂದೆ ಹೋದರು. ಅವರು ಹೋದ ದಿಕ್ಕಿನಲ್ಲಿ ನೂರೈವತ್ತು ಮೀಟರ್ ಆಚೆ ಇದರ ಅವಳಿಯ ಹಾಗೆ ಇನ್ನೊಂದು ಜೌಗು ಇತ್ತು. ನಕ್ಷೆಯಲ್ಲಿ ಎರಡೂ ಅಕ್ಕಪಕ್ಕ ಇದ್ದವು. ನಾನು ಒಂದನ್ನೇ ನೋಡಿದ್ದೆ.

ಇದಕ್ಕೆ ಸಮಾಂತರ ತಪ್ಪು ಅನ್ನುತ್ತಾರೆ. ಒಂದೇ ಥರದ ಎರಡು ಜಾಗಗಳಲ್ಲಿ ತಪ್ಪಾದದ್ದನ್ನು ಸರಿಯಾದದ್ದು ಅಂತ ನಂಬಿಬಿಡುವುದು. ಎಲೀಟ್ ಓಟಗಾರರೂ ಇದೇ ತಪ್ಪು ಮಾಡುತ್ತಾರೆ. ಅವರಿಗೆ ಅದು ಇಪ್ಪತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ, ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ಈ ಅನುಭವ ಒಂದು ಸಲ ಆದರೆ ಸಾಕು, ಆಮೇಲೆ ಪರದೆ ಮೇಲೆ ಓಟಗಾರರನ್ನು ತೋರಿಸುವ ಒಂದು ಚುಕ್ಕಿ ತಪ್ಪು ಜೌಗಿನ ಕಡೆ ತಿರುಗಿದಾಗ ನಿಮ್ಮ ಕೈಯೂ ತಾನಾಗಿ ತಲೆ ಮೇಲೆ ಹೋಗುತ್ತದೆ.

ಹೆಜ್ಜೆ 2: ನಕ್ಷೆಯ ಬಣ್ಣ ಕಲಿಯಿರಿ

ಅರ್ಧ ಗಂಟೆ ಸಾಕು. ಮೊದಲಿಗೇ ಒಂದು ಎಡವಟ್ಟು: ಇಲ್ಲಿ ಬಿಳಿ ಅಂದರೆ ಖಾಲಿ ಜಾಗ ಅಲ್ಲ, ಸಲೀಸಾಗಿ ಓಡಬಹುದಾದ ಕಾಡು. ಹಸಿರು ಅಂದರೆ ದಟ್ಟ ಕಾಡು. ಹಸಿರು ಗಾಢವಾದಷ್ಟೂ ಓಟ ನಿಧಾನ. ಹಳದಿ ಬಯಲು. ನೀಲಿ ನೀರು, ಜೌಗು. ಕಪ್ಪು ಬಂಡೆ, ಕಾಲುದಾರಿ, ಮನೆ. ಕಂದು ಗೆರೆಗಳು ನೆಲದ ಏರಿಳಿತ. ಸಾಮಾನ್ಯವಾಗಿ ಒಂದು ಗೆರೆಯಿಂದ ಇನ್ನೊಂದಕ್ಕೆ 5 ಮೀಟರ್ ಎತ್ತರ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಗುಡ್ಡ.

ಓಟದ ಹಾದಿಯನ್ನು ನೇರಳೆ ಬಣ್ಣದಲ್ಲಿ ಅಚ್ಚು ಹಾಕಿರುತ್ತಾರೆ. ತ್ರಿಕೋನ ಶುರು, ವೃತ್ತ ಕಂಟ್ರೋಲ್, ಒಳಗೊಂದು ಹೊರಗೊಂದು ವೃತ್ತ ಇದ್ದರೆ ಮುಕ್ತಾಯ. ವೃತ್ತಗಳನ್ನು ಸೇರಿಸುವ ನೇರ ಗೆರೆ ದಾರಿ ಅಲ್ಲ, ಬರೀ ಕ್ರಮ ತೋರಿಸುತ್ತದೆ.

ಎಲೀಟ್‌ನವರ ಉದ್ದ ಓಟಕ್ಕೆ 1:15,000 ನಕ್ಷೆ, ಮಧ್ಯಮ ಓಟಕ್ಕೆ 1:10,000. ಅಂದರೆ ಉದ್ದ ಓಟದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್‌ಗೆ 150 ಮೀಟರ್. ಇಂಥ ಸಣ್ಣ ಅಕ್ಷರದಂಥ ನಕ್ಷೆಯನ್ನು ಅವರು ಬಂಡೆ ಮೇಲಿಂದ ಬಂಡೆಗೆ ಹಾರುತ್ತಾ ಓದುತ್ತಾರೆ. ಹೆಬ್ಬೆರಳಿಗೆ ಕಂಪಾಸ್, ಅದರ ಕೆಳಗೆ ಮಡಚಿದ ನಕ್ಷೆ, ಹೆಬ್ಬೆರಳ ತುದಿ ಯಾವಾಗಲೂ ತಾವಿರುವ ಜಾಗದಲ್ಲಿ. ಮುಂದೆ ಹೋದಂತೆ ಬೆರಳೂ ಸರಿಯುತ್ತದೆ. ಮುಕ್ತಾಯದ ಗೆರೆ ದಾಟುವವರ ಕೈ ನೋಡಿ. ಸುಸ್ತಾಗಿ ನೆಲಕ್ಕೆ ಬಿದ್ದರೂ ಹೆಬ್ಬೆರಳು ಇನ್ನೂ ನಕ್ಷೆಯ ಮೇಲೇ ಒತ್ತಿಕೊಂಡಿರುತ್ತದೆ.

ಜೊತೆಗೊಂದು ಸಣ್ಣ ಚೀಟಿ ಇರುತ್ತದೆ, ಮೊಣಕೈ ಕೆಳಗೆ ಕಟ್ಟಿಕೊಳ್ಳುವಂಥದ್ದು. ಪ್ರತಿ ಕಂಟ್ರೋಲ್‌ನ ನಂಬರ್, ಅದು ಬಂಡೆಯೋ ಹೊಂಡವೋ ಬೇಲಿಯ ಮೂಲೆಯೋ, ಬಟ್ಟೆ ಅದರ ಯಾವ ಮಗ್ಗುಲಲ್ಲಿದೆ ಅನ್ನುವುದೆಲ್ಲ ಚಿಹ್ನೆಯಲ್ಲಿ ಬರೆದಿರುತ್ತದೆ. ಭಾಷೆ ಬೇಡ, ಪ್ರಪಂಚಕ್ಕೆಲ್ಲ ಒಂದೇ ಚಿಹ್ನೆ. ಹಿಂದಿನ ಕಾಲದಲ್ಲಿ ಇದ್ದಿಲು ಸುಡುತ್ತಿದ್ದ ಸಪಾಟು ಜಾಗಕ್ಕೂ ಒಂದು ಚಿಹ್ನೆ ಇದೆ. ನೂರಾರು ವರ್ಷದ ಹಿಂದೆ ಯಾರೋ ಇದ್ದಿಲು ಮಾಡಿದ ಜಾಗವನ್ನು ಇವತ್ತು ಒಬ್ಬಳು ಓಡುತ್ತಾ ಬಂದು ಹುಡುಕುತ್ತಾಳೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಹೆಜ್ಜೆ 3: ಒಂದೇ ಒಂದು ಲೆಗ್ ಹಿಡಿದು ಲೆಕ್ಕ ಹಾಕಿ

ಇಡೀ ಕೈಪಿಡಿಯಲ್ಲಿ ಇದೊಂದನ್ನು ಗಟ್ಟಿ ಮಾಡಿಕೊಂಡರೂ ಸಾಕು. ಎರಡು ಕಂಟ್ರೋಲ್‌ಗಳ ನಡುವಿನ ತುಂಡಿಗೆ ಲೆಗ್ ಅನ್ನುತ್ತಾರೆ. ನಕ್ಷೆಯಲ್ಲಿ ಎಲ್ಲಕ್ಕಿಂತ ಉದ್ದದ ಲೆಗ್ ಹುಡುಕಿ. ಹಾದಿ ಹಾಕಿದವರು ತಲೆ ಓಡಿಸಿರುವುದು ಅಲ್ಲೇ.

ಒಂದು ಉದಾಹರಣೆ ಕಟ್ಟೋಣ. ಆರರಿಂದ ಏಳಕ್ಕೆ ನೇರ ಗೆರೆ 1,400 ಮೀಟರ್. ನಕ್ಷೆಯಲ್ಲಿ ಒಂಬತ್ತು ಸೆಂಟಿಮೀಟರ್ ಚಿಲ್ಲರೆ. ನೇರ ಹೋದರೆ ನಡುವೆ ಒಂದು ಗುಡ್ಡ. ಹತ್ತುವ ಕಂದು ಗೆರೆಗಳನ್ನು ಎಣಿಸಿ: ಹನ್ನೆರಡು. ಅಂದರೆ 60 ಮೀಟರ್ ಏರು. ಗುಡ್ಡವನ್ನು ಬಳಸಿಕೊಂಡು ಎಡಕ್ಕೆ ಒಂದು ಕಾಲುದಾರಿ ಇದೆ. ಅದರಲ್ಲಿ ಹೋದರೆ 1,900 ಮೀಟರ್, ಏರು ಎರಡೇ ಗೆರೆ, 10 ಮೀಟರ್.

ಓಟಗಾರರಲ್ಲಿ ಒಂದು ಅಂದಾಜಿದೆ: ಒಂದು ಮೀಟರ್ ಹತ್ತುವುದು ಹತ್ತು ಮೀಟರ್ ಸಮತಟ್ಟು ಓಡಿದ ಹಾಗೆ. ನೇರ ದಾರಿಗೆ 600 ಸೇರಿಸಿ, 2,000. ಸುತ್ತು ದಾರಿಗೆ 100 ಸೇರಿಸಿ, ಅದೂ 2,000. ಎರಡೂ ಸಮ!

ಈಗ ನಿಜವಾದ ಯೋಚನೆ ಶುರು. ನೇರ ದಾರಿಯ ನೆಲ ಹೇಗಿದೆ? ಕಪ್ಪು ಚುಕ್ಕಿಗಳು ಚೆಲ್ಲಿದ ಹಾಗಿದ್ದರೆ ಬಂಡೆಗಳು, ಅಲ್ಲಿ ಓಟ ಕುಂಟುತ್ತದೆ. ಕಾಲುದಾರಿಯಲ್ಲಿ ನಕ್ಷೆ ನೋಡುವ ಕೆಲಸ ಕಮ್ಮಿ. ಆ ಬಿಡುವಿನಲ್ಲಿ ಮುಂದಿನ ಮೂರು ಲೆಗ್‌ಗಳ ದಾರಿ ಯೋಚಿಸಿಡಬಹುದು. ಎಲ್ಲಕ್ಕಿಂತ ಮುಖ್ಯ, ಕೊನೆಯ ಇನ್ನೂರು ಮೀಟರ್. ಕಂಟ್ರೋಲ್ ಒಂದು ಸಣ್ಣ ಬಂಡೆಯ ಹಿಂದಿದೆ, ಸುತ್ತ ಅಂಥದ್ದೇ ಇಪ್ಪತ್ತು ಬಂಡೆ ಅಂದುಕೊಳ್ಳಿ. ಕಾಲುದಾರಿ ಕಡೆಯಿಂದ ಬಂದರೆ ಒಂದು ತಿರುವು, ಅದರ ಪಕ್ಕ ಜೌಗಿನ ಮೂಲೆ. ಅಲ್ಲಿಂದ ಕಂಪಾಸ್ ಹಿಡಿದು 150 ಮೀಟರ್ ಹೋದರೆ ಆಯಿತು. ಗುಡ್ಡದ ಮೇಲಿಂದ ಇಳಿದರೆ ಇಂಥ ಹಿಡಿತ ಯಾವುದೂ ಇಲ್ಲ. ಹೀಗೆ ಕೊನೆಯ ಹುಡುಕಾಟಕ್ಕೆ ಕೈಹಿಡಿಯುವ ಗಟ್ಟಿ ಗುರುತಿಗೆ ಅಟ್ಯಾಕ್ ಪಾಯಿಂಟ್ ಅನ್ನುತ್ತಾರೆ.

ಕಂಪಾಸ್ ಇದ್ದರೆ ಸಾಕಲ್ವಾ ಅನ್ನಬಹುದು. ದಿಕ್ಕು ಬರೀ 3 ಡಿಗ್ರಿ ತಪ್ಪಿದರೆ 500 ಮೀಟರ್ ಹೋಗುವಷ್ಟರಲ್ಲಿ 26 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ದಟ್ಟ ಕಾಡಿನಲ್ಲಿ ಇಪ್ಪತ್ತು ಮೀಟರ್ ಆಚೆ ಏನೂ ಕಾಣುವುದಿಲ್ಲ. ಬಟ್ಟೆಯ ಪಕ್ಕದಲ್ಲೇ ಹಾದುಹೋಗಿ, ಇನ್ನೂ ಮುಂದಿದೆ ಅಂದುಕೊಂಡು ಓಡುತ್ತಲೇ ಇರುತ್ತೀರಿ. ಕಷ್ಟದ ಕಾಡಿನಲ್ಲಿ ಎಲೀಟ್ ಗಂಡಸರು ಕಿಲೋಮೀಟರ್‌ಗೆ ಐದಾರು ನಿಮಿಷ ತಗೊಳ್ಳುತ್ತಾರೆ. ಐದು ನಿಮಿಷದ ಲೆಕ್ಕದಲ್ಲಿ ಅರ್ಧ ನಿಮಿಷ ಅನುಮಾನದಲ್ಲಿ ನಿಂತರೆ ನೂರು ಮೀಟರ್ ಕಳಕೊಂಡ ಹಾಗೆ.

ಹೀಗೆ ಒಂದು ಲೆಗ್‌ಗೆ ನಿಮ್ಮ ದಾರಿಯನ್ನು ಪೆನ್ಸಿಲ್‌ನಲ್ಲಿ ಗೀಚಿ ಇಟ್ಟುಕೊಳ್ಳಿ. ಆಮೇಲೆ ಎಲೀಟ್‌ನವರು ಏನು ಮಾಡುತ್ತಾರೆ ನೋಡಿ.

ಎಲೀಟ್ ನಕ್ಷೆ ಅವರ ಓಟಕ್ಕೆ ಮೊದಲು ಗುಟ್ಟಾಗಿರುತ್ತದೆ. ಅದೇ ದಿನ ಅದೇ ಕಾಡಿನಲ್ಲಿ ಬೇರೆ ವರ್ಗದಲ್ಲಿ ಓಡಿದವರ ನಕ್ಷೆ ಇದ್ದರೆ ನೆಲ ಅರ್ಥವಾಗಲು ಸಾಕು. ಆದರೆ ಇನ್ನೂ ಓಟ ಶುರು ಮಾಡದವರಿಗೆ ಅದನ್ನು ತೋರಿಸುವ ಹಾಗಿಲ್ಲ. ಇದು ಬರೀ ಮರ್ಯಾದೆಯ ಮಾತಲ್ಲ, ನಿಯಮ. ಹಾಗೇ ಓಟ ನಡೆಯುವಾಗ ನೋಡೋಣ ಅಂತ ಕಾಡೊಳಗೆ ಹೋಗಬೇಡಿ. ನೀವು ನಿಂತ ಜಾಗವೇ ಒಂದು ಸುಳಿವಾಗಿಬಿಡುತ್ತದೆ.

ಹೆಜ್ಜೆ 4: ಐದು ದಿನದ ಲೆಕ್ಕ ಇಟ್ಟುಕೊಳ್ಳಿ

ಐದೂ ದಿನದ ಸಮಯ ಕೂಡಿಸುತ್ತಾರೆ, ಕಮ್ಮಿ ಇದ್ದವರು ಗೆಲ್ಲುತ್ತಾರೆ. ಆದ್ದರಿಂದ ಒಂದು ದಿನ ಗೆದ್ದರೆ ದೊಡ್ಡ ಮಾತಲ್ಲ, ಒಂದು ದಿನ ನಾಲ್ಕು ನಿಮಿಷ ಕಳೆದುಕೊಂಡರೆ ವಾರವೇ ಹೋಯಿತು. ಒಂದು ಕಂಟ್ರೋಲ್ ಬಿಟ್ಟರೆ ಅಥವಾ ಅದರ ಬದಲು ತಪ್ಪು ಕಂಟ್ರೋಲ್‌ನಲ್ಲಿ ಚಿಪ್ (ಅಲ್ಲಿಗೆ ಬಂದದ್ದನ್ನು ದಾಖಲಿಸುವ, ಬೆರಳಿಗೆ ಕಟ್ಟಿಕೊಂಡ ಸಣ್ಣ ಸಾಧನ) ತೋರಿಸಿದರೆ ಫಲಿತಾಂಶದಲ್ಲಿ ಸಮಯದ ಬದಲು ಫೆಲ್‌ಸ್ಟ್ ಅನ್ನುವ ಚುಟುಕು ಪದ ಬರುತ್ತದೆ. ಕಥೆ ಮುಗೀತು ಅಂತ.

ಮಧ್ಯಮ ಓಟ ಸುಮಾರು ಅರ್ಧ ಗಂಟೆಯದು. ಕಂಟ್ರೋಲ್‌ಗಳು ಹತ್ತಿರ ಹತ್ತಿರ, ಉಸಿರು ಬಿಡುವಷ್ಟು ಹೊತ್ತೂ ನಕ್ಷೆಯಿಂದ ಕಣ್ಣು ತೆಗೆಯುವ ಹಾಗಿಲ್ಲ. ಉದ್ದ ಓಟ ಗಂಟೆ ದಾಟುತ್ತದೆ. ಅಲ್ಲಿ ದಾರಿಯ ಆಯ್ಕೆ ಮತ್ತು ಕಾಲಿನ ಕಸುವು ಎರಡೂ ಬೇಕು. ಕೆಲವು ವರ್ಷ ಊರಿನ ಬೀದಿಗಳಲ್ಲಿ ಸ್ಪ್ರಿಂಟ್ ಕೂಡ ಇಡುತ್ತಾರೆ. ಯಾವ ದಿನ ಯಾವುದು ಅನ್ನುವುದು ವರ್ಷ ವರ್ಷ ಬದಲಾಗುತ್ತದೆ, ಕಾರ್ಯಕ್ರಮ ಪಟ್ಟಿ ನೋಡಿ. ಒಂದೇ ದಿನ ಹೋಗುವವರಾದರೆ ಎಲೀಟ್‌ನ ಉದ್ದ ಓಟದ ದಿನ ಹೋಗಿ ಅನ್ನುತ್ತೇನೆ.

ಇದರ ಜೊತೆಗೆ ದಣಿವಿನ ಲೆಕ್ಕ. ಮೂರನೇ ದಿನಕ್ಕೆ ಕಾಲು ಭಾರವಾಗುತ್ತದೆ. ಕಾಲಿಗಿಂತ ಮೊದಲು ತಲೆ ಮಂದವಾಗುತ್ತದೆ ಅಂತ ಓಡುವವರೇ ಹೇಳುತ್ತಾರೆ. ಮೊದಲ ದಿನ ಮಾಡದ ತಪ್ಪನ್ನು ನಾಲ್ಕನೇ ದಿನ ಮಾಡುತ್ತಾರೆ.

ಹೆಜ್ಜೆ 5: ಅರೇನಾದಲ್ಲಿ ಸರಿಯಾದ ಜಾಗ ಹಿಡಿಯಿರಿ

ಅರೇನಾ ಅಂದರೆ ಮುಕ್ತಾಯ ಇರುವ ಬಯಲು, ಎಷ್ಟೋ ಸಲ ಯಾರದ್ದೋ ಹುಲ್ಲುಗಾವಲು. ಪಾರ್ಕಿಂಗ್‌ನಿಂದ ಒಂದೆರಡು ಕಿಲೋಮೀಟರ್ ನಡೆಯಬೇಕಾಗಬಹುದು. ಜನ ಸಾಮಾನ್ಯವಾಗಿ ಮುಕ್ತಾಯದ ಗೆರೆ ಹತ್ತಿರ ಗುಂಪಾಗುತ್ತಾರೆ. ನೀವು ದೊಡ್ಡ ಪರದೆ ಕಾಣುವ, ಕೊನೆಯ ಕಂಟ್ರೋಲ್ ಕೂಡ ಕಾಣುವ ಜಾಗ ನೋಡಿ. ಕೆಲವು ಓಟಗಳಲ್ಲಿ ಹಾದಿ ನಡುವೆ ಒಮ್ಮೆ ಅರೇನಾ ಮೂಲಕವೇ ಹಾದುಹೋಗುತ್ತದೆ. ಹಾಗಿದ್ದರೆ ಅದರ ಹತ್ತಿರ ಕೂರಿ. ಓಡುತ್ತಲೇ ನಕ್ಷೆ ಮಡಚುವುದು, ತುಟಿ ಅಲ್ಲಾಡುವುದು, ಒಂದು ಗುಟುಕು ನೀರು, ಮತ್ತೆ ಕಾಡು. ಇದನ್ನೆಲ್ಲ ಹತ್ತಿರದಿಂದ ನೋಡಲು ಬೇರೆಲ್ಲೂ ಆಗಲ್ಲ.

ಕೊನೆಯ ದಿನ ಬಿಟ್ಟರೆ ಎಲೀಟ್‌ನವರು ಒಬ್ಬೊಬ್ಬರಾಗಿ ಕೆಲವು ನಿಮಿಷದ ಅಂತರದಲ್ಲಿ ಹೊರಡುತ್ತಾರೆ. ಗಟ್ಟಿಗರು ಸಾಮಾನ್ಯವಾಗಿ ಕೊನೆಗೆ. ನಾನು ಮೊದಲ ಸಲ ಮಾಡಿದ ಹಾಗೆ ಮೊದಲು ಬಂದವರಿಗೆ ಹಾರ ಹಾಕಬೇಡಿ. ಶುರುವಿನ ಪಟ್ಟಿ ಕೈಲಿರಲಿ. ಕಾಡೊಳಗೆ ಕೆಲವು ಕಂಟ್ರೋಲ್‌ಗಳಿಂದ ಸಮಯ ರೇಡಿಯೋ ಮೂಲಕ ಆಗಿಂದಾಗಲೇ ಅರೇನಾಕ್ಕೆ ಬರುತ್ತದೆ. ಆ ಸಮಯವನ್ನು ಪಟ್ಟಿಯಲ್ಲಿ ಹೆಸರಿನ ಮುಂದೆ ಬರೆದುಕೊಳ್ಳುತ್ತಾ ಹೋಗಿ. ಹಳೆಯ ಕಾಲದಲ್ಲಿ ರೇಡಿಯೋ ಕಾಮೆಂಟರಿ ಕೇಳಿ ಸ್ಕೋರ್ ಬರೆಯುತ್ತಿದ್ದೆವಲ್ಲ, ಅದೇ ಮಜಾ.

ನೀವು ಜಾಸ್ತಿ ಕೇಳುವ ಸ್ವೀಡಿಷ್ ಪದ ಬುಮ್. ಕಂಟ್ರೋಲ್ ಸಿಗದೆ ಒದ್ದಾಡುವುದಕ್ಕೆ ಹಾಗನ್ನುತ್ತಾರೆ. ಕಾಮೆಂಟೇಟರ್ ದನಿ ಏರಿಸಿ ಬುಮ್ ಅಂದರೆ ಯಾರದ್ದೋ ವಾರ ಹಾಳಾಯಿತು ಅಂತ ಅರ್ಥ.

ಹೆಜ್ಜೆ 6: ಜಿಪಿಎಸ್ ಚುಕ್ಕಿಗಳನ್ನು ಓದುವುದು

ಎಲೀಟ್‌ನವರ ಬೆನ್ನಿಗೆ ಜಿಪಿಎಸ್ ಕಟ್ಟಿರುತ್ತಾರೆ. ಪರದೆಯಲ್ಲಿ ನಕ್ಷೆ, ಅದರ ಮೇಲೆ ಬಾಲ ಎಳೆದುಕೊಂಡು ಹೋಗುವ ಬಣ್ಣದ ಚುಕ್ಕಿಗಳು. ಒಂದೇ ಸಲಕ್ಕೆ ಇಪ್ಪತ್ತು ಚುಕ್ಕಿ ನೋಡಿದರೆ ತಲೆ ಕೆಡುತ್ತದೆ. ಇಬ್ಬರನ್ನು ಆರಿಸಿಕೊಳ್ಳಿ.

ಬಾಲ ನೇರವಾಗಿದ್ದರೆ ಎಲ್ಲ ಸರಿ. ವೃತ್ತದ ಹತ್ತಿರ ಬಂದು ಬಾಲ ಸುತ್ತಿಕೊಂಡರೆ ಬುಮ್. ಬಾಲ ಚೂಪಾಗಿ ಹಿಂದಕ್ಕೆ ಮುರಿದರೆ ಓಡುವವರಿಗೆ ತಪ್ಪು ಗೊತ್ತಾಗಿದೆ ಅಂತ. ಅನುಭವಸ್ಥರು ಎಡವಿದಾಗ ಸುಮ್ನೆ ಅಲ್ಲೇ ತಡಕಾಡುವುದಿಲ್ಲ. ಖಚಿತವಾಗಿ ಗೊತ್ತಿರುವ ಒಂದು ಗುರುತಿಗೆ ವಾಪಸ್ ಹೋಗಿ ಮತ್ತೆ ಶುರು ಮಾಡುತ್ತಾರೆ. ಆ ತೀರ್ಮಾನ ಎಷ್ಟು ಬೇಗ ಮಾಡುತ್ತಾರೆ ಅನ್ನುವುದರಲ್ಲಿ ಅವರ ದರ್ಜೆ ಗೊತ್ತಾಗುತ್ತದೆ.

ಚುಕ್ಕಿ ಪೂರ್ತಿ ನಿಂತೇಬಿಟ್ಟರೆ ನಗಬೇಡಿ. 2009ರಲ್ಲಿ ಹಂಗೇರಿಯ ಮಿಶ್ಕೋಲ್ಟ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ರಿಲೇ ನಡೆಯುತ್ತಿತ್ತು. ಸ್ವೀಡನ್ನಿನ ಮಾರ್ಟಿನ್ ಯೋಹಾನ್ಸನ್ ತೊಡೆಗೆ ಕೊಂಬೆಯೊಂದು ಆಳವಾಗಿ ಚುಚ್ಚಿಕೊಂಡಿತು. ಪದಕದ ಪೈಪೋಟಿಯಲ್ಲಿದ್ದ ಫ್ರಾನ್ಸ್‌ನ ತಿಯೆರಿ ಗ್ಯೋರ್ಜಿಯು, ನಾರ್ವೆಯ ಆಂಡೆರ್ಸ್ ನೂರ್ಡ್‌ಬೆರ್ಗ್, ಜೆಕ್ ದೇಶದ ಮಿಖಾಲ್ ಸ್ಮೋಲಾ ಮೂವರೂ ಓಟ ಬಿಟ್ಟು ಅವರ ನೆರವಿಗೆ ನಿಂತರು. ಪದಕ ಕೈಬಿಟ್ಟಿತು. ಗಾಯಗೊಂಡವರಿಗೆ ಸಹಾಯ ಮಾಡಲೇಬೇಕು ಅನ್ನುವುದು ಈ ಆಟದ ನಿಯಮ. ಜನ ಕಾಣದ ಕಾಡಿನಲ್ಲಿ ಬೇರೆ ಯಾರು ಬರುತ್ತಾರೆ?

ಹೆಜ್ಜೆ 7: ಕೊನೆಯ ದಿನ, ಯಕ್ಟ್‌ಸ್ಟಾರ್ಟ್

ಬೆನ್ನಟ್ಟುವ ಓಟ. ಒಟ್ಟು ಸಮಯದಲ್ಲಿ ಮುಂದಿರುವವರು ಮೊದಲು ಹೊರಡುತ್ತಾರೆ. ಎರಡನೆಯವರು ಎಷ್ಟು ಹಿಂದಿದ್ದಾರೋ ಅಷ್ಟೇ ಹೊತ್ತು ಬಿಟ್ಟು ಹೊರಡುತ್ತಾರೆ. ಹಾಗಾಗಿ ಇವತ್ತು ಕೂಡಿ ಕಳೆಯುವ ಕೆಲಸ ಇಲ್ಲ. ಮೊದಲು ಗೆರೆ ದಾಟಿದವರೇ ಇಡೀ ವಾರದ ವಿಜೇತರು. ಹೊಸಬರನ್ನು ಕರಕೊಂಡು ಹೋಗುವುದಾದರೆ ಈ ದಿನವೇ ಸರಿ.

ನೋಡಬೇಕಾದದ್ದು ಅಂತರ. ಮೊದಲಿನವರು ಒಂದೂವರೆ ನಿಮಿಷ ಮುಂದಿದ್ದು, ಹಿಂದಿನ ನಾಲ್ವರು ಹತ್ತು ಹತ್ತು ಸೆಕೆಂಡಿನ ಅಂತರದಲ್ಲಿದ್ದರೆ, ಹಿಂದಿನವರು ಬೇಗ ಒಂದು ರೈಲಾಗುತ್ತಾರೆ. ಪ್ರತಿಯೊಬ್ಬರೂ ತಾವೇ ದಾರಿ ಹುಡುಕಬೇಕು ಅನ್ನುವುದು ನಿಯಮ. ಆದರೆ ಎದುರಿಗೆ ಒಂದು ಬೆನ್ನು ಕಾಣುತ್ತಿದ್ದರೆ ಕಣ್ಣು ಮುಚ್ಚಿಕೊಳ್ಳಲು ಆಗುತ್ತದೆಯೇ? ಮುಂದಿನವರಿಗೆ ಆ ಭಾಗ್ಯ ಇಲ್ಲ. ಒಬ್ಬರೇ, ಎಲ್ಲ ತೀರ್ಮಾನ ಅವರದೇ. ಹಿಂದೆ ಕೊಂಬೆ ಮುರಿದ ಸದ್ದು ಬೇರೆ.

ಇಂಥ ಗುಂಪು ಒಡೆಯಲು ಹಾದಿ ಹಾಕುವವರ ಹತ್ತಿರ ಒಂದು ಉಪಾಯ ಇದೆ. ಒಂದು ಕಂಟ್ರೋಲ್ ನಡುವೆ, ಅದರ ಎರಡು ಕಡೆ ಚಿಟ್ಟೆ ರೆಕ್ಕೆಯ ಹಾಗೆ ಎರಡು ಸುತ್ತು. ಒಬ್ಬರಿಗೆ ಎಡ ರೆಕ್ಕೆ ಮೊದಲು, ಇನ್ನೊಬ್ಬರಿಗೆ ಬಲ ಮೊದಲು. ಕೊನೆಗೆ ಎಲ್ಲರೂ ಅಷ್ಟೇ ಓಡಿರುತ್ತಾರೆ, ಆದರೆ ಹಿಂದೆ ಬಿದ್ದು ಓಡುತ್ತಿದ್ದವರು ದಿಢೀರ್ ಒಂಟಿಯಾಗುತ್ತಾರೆ. ಪರದೆ ಮೇಲೆ ಚುಕ್ಕಿಗಳು ಎದುರುಬದುರು ಓಡುವುದು ಕಂಡರೆ ಯಾರೋ ದಾರಿ ತಪ್ಪಿದರು ಅಂದುಕೊಳ್ಳಬೇಡಿ. ಚಿಟ್ಟೆ ಇದ್ದೀತು.

ನನ್ನ ಮಾತು ಕೇಳಿದರೆ ಕೊನೆಯ ದಿನ ಒಳ್ಳೆಯ ನಾಟಕ, ಆದರೆ ವಾರದ ಅತ್ಯುತ್ತಮ ಓಟ ಅಲ್ಲ. ಅದು ಹಿಂದೆಯೇ, ಯಾರ ಬೆನ್ನೂ ಕಾಣದ ಒಂದು ಉದ್ದ ಓಟದಲ್ಲಿ ಆಗಿಹೋಗಿರುತ್ತದೆ.

ಹೆಜ್ಜೆ 8: ಸಂಜೆ ಸ್ಪ್ಲಿಟ್ ಓದಿ

ಪ್ರತಿ ಲೆಗ್‌ಗೆ ಯಾರು ಎಷ್ಟು ಹೊತ್ತು ತಗೊಂಡರು ಅನ್ನುವ ಪಟ್ಟಿಗೆ ಸ್ಪ್ಲಿಟ್ ಅನ್ನುತ್ತಾರೆ. ಶುರುವಿನ ಪಟ್ಟಿ, ಫಲಿತಾಂಶಕ್ಕೆ ಸ್ವೀಡನ್ನಿನವರ ಈವೆಂಟರ್ ತಾಣ, ಸ್ಪ್ಲಿಟ್‌ಗೆ ವಿನ್‌ಸ್ಪ್ಲಿಟ್ಸ್, ಓಡಿದ ದಾರಿಗಳನ್ನು ನಕ್ಷೆ ಮೇಲೆ ಹೋಲಿಸಲು ಲೈವ್‌ಲಾಕ್ಸ್. ಟೆಂಟಿನ ಊರಲ್ಲಿ ಸಂಜೆ ಯಾರ ಕೈಲಿ ನೋಡಿದರೂ ಇವೇ.

ಓದುವ ಕ್ರಮ ಸುಲಭ. ಒಂದು ಲೆಗ್‌ನಲ್ಲಿ ಮೊದಲಿನವರು 5:10, ಎರಡನೆಯವರು 5:14, ನಿಮ್ಮವರು 6:35 ಅಂದುಕೊಳ್ಳಿ. ಮಿಕ್ಕ ಲೆಗ್‌ಗಳಲ್ಲಿ ಅವರು ಸರಿಸಮ ಇದ್ದರೆ ಇದು ಬುಮ್, ಸುಮಾರು ಒಂದು ನಿಮಿಷ 20 ಸೆಕೆಂಡಿನದು. ಎಲ್ಲ ಲೆಗ್‌ಗಳಲ್ಲೂ ಸ್ವಲ್ಪ ಸ್ವಲ್ಪ ಹಿಂದೆ ಬಿದ್ದಿದ್ದರೆ ದಾರಿ ತಪ್ಪಿಲ್ಲ, ಕಾಲಲ್ಲಿ ಕಸುವಿಲ್ಲ. ಮೂವರು ನಾಲ್ವರು ಒಂದೇ ಲೆಗ್‌ನಲ್ಲಿ ಒಂದೇ ಅಳತೆಗೆ ಹಿಂದೆ ಬಿದ್ದಿದ್ದರೆ ಅವರೆಲ್ಲ ಅದೇ ಕೆಟ್ಟ ದಾರಿ ಆರಿಸಿಕೊಂಡಿದ್ದಾರೆ. ಆಗ ನಿಮ್ಮ ಪೆನ್ಸಿಲ್ ಗೆರೆ ತೆಗೆದು ನೋಡಿ.

ಹೊರಡುವ ಮೊದಲು

ಮಳೆ ಅಂಗಿ ಬೇಕೇ ಬೇಕು, ಜುಲೈ ಆದರೂ. ಕೂರಲು ಒಂದು ಚಾಪೆ, ಫ್ಲಾಸ್ಕ್‌ನಲ್ಲಿ ಕಾಫಿ. ಅಲ್ಲಿ ಸಿಗುವುದು ಸಾಸೇಜ್ ಮತ್ತು ಏಲಕ್ಕಿ ಘಮದ ಬನ್. ಸಸ್ಯಾಹಾರಿಗಳು ಚಿತ್ರಾನ್ನ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಓಡುವವರು ಉದ್ದ ಪ್ಯಾಂಟ್ ಹಾಕಿ. ಇಲ್ಲಿ ಇಂಬಳ ಇಲ್ಲ, ಉಣುಗು ಇದೆ. ಶಿವಮೊಗ್ಗ ಕಡೆಯವರಿಗೆ ಉಣುಗಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಯ ವೈರಸ್‌ಗೂ, ಸ್ವೀಡನ್ನಿನ ಉಣುಗು ಹರಡುವ ಟಿಬಿಇ ಎಂಬ ಮಿದುಳು ಜ್ವರದ ವೈರಸ್‌ಗೂ ಹತ್ತಿರದ ನೆಂಟಸ್ತನ. ಟಿಬಿಇಗೆ ಲಸಿಕೆ ಇದೆ, ಆದರೆ ಒಂದೇ ಡೋಸ್‌ಗೆ ಮುಗಿಯುವುದಿಲ್ಲ. ಆದ್ದರಿಂದ ತಿಂಗಳುಗಳ ಮೊದಲೇ ಡಾಕ್ಟರ್ ಹತ್ತಿರ ಕೇಳಿ. ಸ್ನಾನ ಮಾಡುವಾಗ ಮೊಣಕಾಲ ಹಿಂದೆ, ಕಂಕುಳಲ್ಲಿ ತಪ್ಪದೆ ನೋಡಿಕೊಳ್ಳಿ.

ಊರಲ್ಲೇ ಕೂತು ನೋಡುವವರಿಗೆ

ಬೇಸಿಗೆಯಲ್ಲಿ ಸ್ವೀಡನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 10 ಅಂದರೆ ಇಲ್ಲಿ ಮಧ್ಯಾಹ್ನ 1:30, ಊಟ ಮುಗಿಸಿ ಕೂರಲು ಸರಿಯಾದ ಹೊತ್ತು. ನೇರ ನೋಡಲು ಆಗದಿದ್ದರೂ ಚಿಂತೆಯಿಲ್ಲ. ಓಟ ಮುಗಿದ ಮೇಲೆ ದಾರಿಗಳು ಲೈವ್‌ಲಾಕ್ಸ್‌ಗೆ ಬಂದಿದ್ದರೆ ಅಲ್ಲೇ ಮರು ಓಡಿಸಿ ನೋಡಬಹುದು. ಚುಕ್ಕಿಗಳನ್ನು ಓಡಿಸುವ ಮೊದಲು ಉದ್ದದ ಲೆಗ್ ಹುಡುಕಿ, ಒಂದು ನಿಮಿಷ ಮಾತ್ರ ಸಮಯ ಕೊಟ್ಟುಕೊಂಡು, ನಿಮ್ಮ ದಾರಿಯನ್ನು ಕಾಗದದ ಮೇಲೆ ಗೀಚಿ. ಓಡುವವರಿಗೆ ಅಷ್ಟೂ ಹೊತ್ತು ಇರುವುದಿಲ್ಲ. ಆಮೇಲೆ ಬಟನ್ ಒತ್ತಿ. ಕುರ್ಚಿಯಲ್ಲಿ ಕೂತು, ಉಸಿರು ಸಮ ಇದ್ದೂ, ನಾನು ಹತ್ತರಲ್ಲಿ ನಾಲ್ಕು ಸಲ ಸರಿಯಾದ ದಾರಿ ಹಿಡಿದರೆ ಹೆಚ್ಚು.